ಹರಟಿದವರು ತಾವು, ಬಾಯಿಗೆ ಬೀಗ ನನಗೆ

ಎರಡನೆಯ ಶೆಡ್ಡಿನ ಕಿಟಕಿಯ ಪಕ್ಕದಲ್ಲಿ ವಿರಾಜಮಾನರಾಗಿರುವ ಸಿಲಿಂಡ್ರಿಕಲ್ ಗ್ರೈಂಡಿಂಗ್ ಯಂತ್ರ ಮಹಾಶಯರಿಗೆ,

ಮಾನ್ಯರೇ,

ತಮ್ಮ ಬೇರಿಂಗುಗಳಿಗೆ ಎಣ್ಣೆ ಸಾಕಷ್ಟು ಇಳಿಯುತ್ತಿದೆ, ತಮ್ಮ ಸಾಣೆಕಲ್ಲಿನ ಆರೋಗ್ಯ ಚೆನ್ನಾಗಿದೆ ಎಂದು ನಂಬಿ, ತಮ್ಮ ಹಿಡಿಕೆಗಳನ್ನು ದಿನವೂ ಒರೆಸುವ ಸೇವಕನಾದ ನಾನು ತಲೆಬಾಗಿ ವಂದಿಸಿ ಈ ಬಿನ್ನಹವನ್ನು ಬರೆದುಕೊಳ್ಳುತ್ತಿದ್ದೇನೆ. ಬಾಯಲ್ಲಿ ಹೇಳಬಹುದಿತ್ತು, ಆದರೆ ತಮ್ಮ ಸನ್ನಿಧಿಯಲ್ಲಿ ಬಾಯಿ ತೆರೆಯುವುದು ಈಗ ಅಪರಾಧವಾಗಿದೆ.

ತಮ್ಮ ಘನತೆಯ ಬಗ್ಗೆ ಎರಡು ಮಾತಿಲ್ಲ. ಒರಟು ಉಕ್ಕಿನ ಶಾಫ್ಟನ್ನು ಎರಡು ಮೊನೆಗಳ ನಡುವೆ ಹಿಡಿದು ಕೊಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಉಜ್ಜಿ ಕನ್ನಡಿ ಮಾಡುವ ತಾವು, ಮನಸ್ಸು ಕೆಟ್ಟ ದಿನ ಅದನ್ನೇ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಮಾಡಿ ಮೂಲಂಗಿಯಾಗಿಸುವುದೂ ಉಂಟು, ಮೈಯೆಲ್ಲ ಸುಟ್ಟು ಕಂದು ಕಲೆ ಬೀಳಿಸುವುದೂ ಉಂಟು. ನಾನು ಬೇಸರಿಸಿದವನಲ್ಲ. ಮೂಲಂಗಿಯಾದರೆ ತಮ್ಮ ಮೇಜನ್ನು ತುಸು ತಿರುಗಿಸಿ ಸರಿಮಾಡಿದೆ, ಸುಟ್ಟರೆ ವಜ್ರದ ಮೊನೆಯಿಂದ ಕಲ್ಲಿನ ಮುಖ ಕೆರೆದು ಹರಿತ ಮಾಡಿದೆ. ಹೆಂಡತಿಯ ಮುನಿಸನ್ನು ಕೂಡ ನಾನು ಇಷ್ಟು ತಾಳ್ಮೆಯಿಂದ ವಿಚಾರಿಸಿದವನಲ್ಲ.

ಆದರೆ ಈಚೆಗೆ ಒಂದು ದಿನ ತಾವು ಶಾಫ್ಟಿನ ಮೇಲೆ ಅಲೆ ಅಲೆಯಾದ ಗೆರೆಗಳನ್ನು ಮೂಡಿಸಿದಿರಿ. ಕಲ್ಲು ನಡುಗಿದಾಗ ಬೀಳುವ ಈ ಗೆರೆಗೆ ಇಂಗ್ಲಿಷಿನಲ್ಲಿ ಚ್ಯಾಟರ್ ಎನ್ನುತ್ತಾರೆ. ಆ ಭಾಷೆಯಲ್ಲಿ ಹರಟೆಗೂ ಅದೇ ಮಾತಂತೆ. ತಮ್ಮ ದೋಷಪರಿಹಾರದ ಕೈಪಿಡಿಯನ್ನು ಕನ್ನಡಕ್ಕೆ ತಂದ ಪುಣ್ಯಾತ್ಮರು ಹಿಂದೆಮುಂದೆ ನೋಡದೆ, ‘ಹರಟೆಯ ಗುರುತು ಕಂಡುಬಂದಲ್ಲಿ ಹರಟೆಯ ಮೂಲವನ್ನು ಪತ್ತೆಹಚ್ಚಿ ಕೂಡಲೇ ನಿಲ್ಲಿಸತಕ್ಕದ್ದು’ ಎಂದು ಅಚ್ಚು ಹಾಕಿಸಿಬಿಟ್ಟರು. ಅದನ್ನು ಓದಿದವರು ತಪಾಸಣೆ ವಿಭಾಗದ ಮುಖ್ಯಸ್ಥರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಸಾಕ್ಷಾತ್ ನನ್ನ ಷಡ್ಡಕರು. ಪಕ್ಕದ ಲೇತಿನಲ್ಲಿ ನಿಲ್ಲುವ ಹಿರಿಯರು, ನಾವೆಲ್ಲ ದೊಡ್ಡಪ್ಪ ಎಂದು ಕರೆಯುವವರು, ಮತ್ತು ನಾನು ಮಾತಾಡುತ್ತಲೇ ಕೆಲಸ ಮಾಡುವವರೆಂದು ಶೆಡ್ಡಿಗೆಲ್ಲ ಗೊತ್ತಿರುವುದರಿಂದ ಮೂಲ ಪತ್ತೆಯಾಗಲು ತಡವಾಗಲಿಲ್ಲ. ತಮ್ಮ ಸುತ್ತಮುತ್ತ ಯಾರೂ ತುಟಿ ಬಿಚ್ಚಕೂಡದು, ತಿಂಗಳೊಳಗೆ ಗೆರೆ ನಿಲ್ಲದಿದ್ದರೆ ನನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ಕಳಿಸಲಾಗುವುದು ಎಂದು ಆಜ್ಞೆಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಎಮ್ಮೆ ನಾನೇ. ತಮ್ಮನ್ನು ಬಿಟ್ಟು ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುವ ಬಾಳನ್ನು ನೆನೆದರೆ ನನಗೆ ನಿಜವಾಗಿಯೂ ಅಳು ಬರುತ್ತದೆ.

ಆ ದಿನದ ಗೆರೆಗೆ ಸವೆದ ಬೆಲ್ಟು ಕಾರಣವಾಗಿತ್ತು, ಅದನ್ನು ನಾನು ಅಂದೇ ಬದಲಿಸಿದೆ. ಆದರೂ ಮರುದಿನದಿಂದ ಬೆಳಿಗ್ಗೆಯೆಲ್ಲ ಸಾಧುವಾಗಿರುವ ತಾವು ಊಟದ ಹೊತ್ತು ಕಳೆದದ್ದೇ ತಡ ಗಡಗಡ ನಡುಗತೊಡಗಿದಿರಿ. ಮೊನೆಗಳನ್ನು ಬಿಗಿಮಾಡಿದೆ, ಕಲ್ಲನ್ನು ಕೆರೆದೆ, ವೇಗ ತಗ್ಗಿಸಿದೆ, ಕಡೆಗೆ ಕೈಮುಗಿದೆ. ತಾವು ಯಾವುದಕ್ಕೂ ಬಗ್ಗಲಿಲ್ಲ.

ಆಗ ದೊಡ್ಡಪ್ಪನವರು ಲೇತಿನ ಆಚೆಯಿಂದ ಸನ್ನೆ ಮಾಡಲು ಶುರುಮಾಡಿದರು. ಗಾಳಿಯಲ್ಲಿ ದುಂಡಗೆ ಬರೆದರು, ನೀರು ಕುಡಿದಂತೆ ನಟಿಸಿದರು, ಆಮೇಲೆ ಹೊಟ್ಟೆ ಮುಂದೆ ಮಾಡಿ ಎರಡೂ ಕೈಯಲ್ಲಿ ಹಿಡಿದು ಓಲಾಡಿದರು. ಅವರ ಸೊಸೆ ಬಸುರಿಯೆಂದು ನನಗೆ ಕೂಡಲೇ ಹೊಳೆಯಿತು. ನಾನು ಸಂತೋಷದಿಂದ ತಲೆಯಾಡಿಸಿದೆ, ತಿಳಿಯಿತಲ್ಲ ಎಂದು ಅವರೂ ನಿಶ್ಚಿಂತರಾದರು. ಸುದ್ದಿ ಕೇಳಿದ ನನ್ನ ಹೆಂಡತಿ ಪುಟ್ಟದೊಂದು ಟೋಪಿ ಹೆಣೆದು ಅವರ ಮನೆಗೇ ಹೋದಳು. ಮದುವೆಯಾಗಿ ಇನ್ನೂ ಬಟ್ಟೆಯ ಮಡಿಕೆ ಮುರಿಯದ ಆ ಸೊಸೆ ನಾಚಿಕೆಯಿಂದ ಒಳಗೆ ಓಡಿದಳಂತೆ. ದೊಡ್ಡಪ್ಪನವರು ಹಣೆ ಚಚ್ಚಿಕೊಂಡು, ‘ಅಯ್ಯೋ ತಾಯಿ, ಬಸುರಿ ಆಗಿರೋದು ನನ್ನ ಸೊಸೆ ಅಲ್ಲಮ್ಮ, ನಿಮ್ಮ ಯಜಮಾನರ ಸಾಣೆಕಲ್ಲು! ದಿನಾ ಮಧ್ಯಾಹ್ನ ನೀರು ಕುಡಿಸ್ತಿರೋನು ನಿಮ್ಮ ಭಾವ!’ ಎಂದರಂತೆ.

ವಿಷಯ ಹೀಗಿತ್ತು. ತಮ್ಮ ಮೈ ಆರಿ ಅಳತೆ ತಪ್ಪದಿರಲೆಂದು ನಾನು ಕಲ್ಲನ್ನೂ ಅದನ್ನು ತಂಪಾಗಿಡುವ ಕೂಲಂಟ್ ನೀರನ್ನೂ ಹಾಗೆಯೇ ನಡೆಯಲು ಬಿಟ್ಟು ಊಟಕ್ಕೆ ಹೋಗುವವನು. ಆ ಹೊತ್ತಿನಲ್ಲಿ ಷಡ್ಡಕರು ಬಂದು, ಯಾರಾದರೂ ಹರಟುತ್ತಿದ್ದಾರೆಯೇ ಎಂದು ಕಿವಿಗೊಟ್ಟು ಕೇಳುವುದಕ್ಕೆ ತಮ್ಮ ಸದ್ದು ಅಡ್ಡಿಯಾಗುತ್ತದೆಂದು ಕಲ್ಲನ್ನು ಮಾತ್ರ ನಿಲ್ಲಿಸುತ್ತಿದ್ದರು, ನೀರಿನ ನಲ್ಲಿ ಎಲ್ಲಿದೆಯೆಂದು ಅವರಿಗೆ ತಿಳಿಯದು. ನಿಂತ ಕಲ್ಲಿನ ಕೆಳಗಿನ ಅರ್ಧ ನೀರು ಹೀರಿ ಭಾರವಾಗುತ್ತಿತ್ತು. ನಾನು ಬರುವಷ್ಟರಲ್ಲಿ ಅವರು ಮತ್ತೆ ಕಲ್ಲನ್ನು ತಿರುಗಿಸಿ ಹೊರಟುಹೋಗುತ್ತಿದ್ದರು. ಒಂದೇ ಕಡೆ ಭಾರವಾದ ಕಲ್ಲು ತಿರುಗುತ್ತಾ ನಡುಗುತ್ತಿತ್ತು. ಹರಟೆ ಹುಡುಕುವುದರಿಂದಲೇ ಹರಟೆ ಹುಟ್ಟುತ್ತಿತ್ತು.

ನಿನ್ನೆ ನಾನು ಊಟ ಬಿಟ್ಟು ತಮ್ಮ ಬಳಿಯೇ ಕುಳಿತೆ. ಷಡ್ಡಕರು ಬಂದು ನನ್ನನ್ನು ಕಂಡು ಹಾಗೆಯೇ ಹಿಂದಿರುಗಿದರು. ಸಂಜೆಯವರೆಗೂ ತಾವು ಒಂದೇ ಒಂದು ಗೆರೆ ಬೀಳಿಸಲಿಲ್ಲ. ಶಾಫ್ಟುಗಳನ್ನು ಬೆಳಕಿಗೆ ಹಿಡಿದು ನೋಡಿದ ಷಡ್ಡಕರ ಕಣ್ಣು ತುಂಬಿ ಬಂತು. ಇದೆಲ್ಲ ಮೌನದ ಮಹಿಮೆಯೆಂದು ಎಲ್ಲರೆದುರು ಸಾರಿ, ಆಜ್ಞೆಯನ್ನು ಇಡೀ ಕಾರ್ಖಾನೆಗೆ ವಿಸ್ತರಿಸಿ, ಮಾತಾಡುವವರ ಮೇಲೆ ಕಣ್ಣಿಡುವ ಮೇಲ್ವಿಚಾರಕನ ಹುದ್ದೆಯನ್ನು ನನಗೇ ದಯಪಾಲಿಸಿದರು. ಪ್ಯಾಕಿಂಗಿನಿಂದ ಪಾರಾದೆ, ಆದರೆ ತಾವು ಕೈತಪ್ಪಿ ಹೋದಿರಿ.

ಆದ್ದರಿಂದ ಮಾನ್ಯರೇ, ಬೆಣ್ಣೆಯಂಥ ಶಾಫ್ಟುಗಳನ್ನು ಕೊಟ್ಟು ನನ್ನ ಹೊಟ್ಟೆಯ ಮೇಲೆ ಹೊಡೆದ ತಾವು, ನಾಳೆ ಆ ಮಹನೀಯರು ಬಂದಾಗ ದಯಮಾಡಿ ಬಾಯಿ ಬಿಟ್ಟು ನಡೆದದ್ದನ್ನು ನಡೆದಂತೆ ಹೇಳತಕ್ಕದ್ದು. ಈ ಶೆಡ್ಡಿನಲ್ಲಿ ಹರಟುವ ಹಕ್ಕು ಉಳಿದಿರುವುದು ತಮಗೊಬ್ಬರಿಗೆ.

ಇಂತಿ, ತುಟಿ ಮುಚ್ಚಿಕೊಂಡೇ
ತಮ್ಮ ವಿಶ್ವಾಸಿ,
ನಿನ್ನೆಯವರೆಗೆ ತಮ್ಮವನಾಗಿದ್ದವನು

ವಿ.ಸೂ.: ತಮಗೆ ಓದು ಬಾರದೆಂದು ಈ ಪತ್ರವನ್ನು ನನ್ನ ಹೆಂಡತಿ ತನ್ನ ಅಕ್ಕನ ಮನೆಗೆ ಹೋಗಿ ಗಟ್ಟಿಯಾಗಿ ಓದಿ ಬಂದಿದ್ದಾಳೆ. ಆಗಿನಿಂದ ಆ ಮನೆಯಲ್ಲಿ ಷಡ್ಡಕರೊಂದಿಗೆ ಯಾರೂ ಒಂದು ಮಾತೂ ಆಡುತ್ತಿಲ್ಲವಂತೆ. ಮೌನದಿಂದ ಗುಣಮಟ್ಟ ಎಷ್ಟು ಸುಧಾರಿಸುತ್ತದೆಂಬುದನ್ನು ಅವರು ಇನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು.