ಯುವರಾಜನ ಮೊದಲನೇ ಸೂತ್ರ

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಯುವರಾಜ ಟೀ ಕುಡಿಯಲು ಕುರ್ಚಿ ಬಿಟ್ಟು ಎದ್ದ. ಎಲ್ಲ ಅನಾಹುತಕ್ಕೂ ಅದೇ ಮೂಲ. ಟೀ ಕುಡಿದದ್ದು ತಪ್ಪಲ್ಲ, ಕಂಪ್ಯೂಟರನ್ನು ಲಾಕ್ ಮಾಡದೆ ಎದ್ದದ್ದು ತಪ್ಪು. ಅದೂ ಎಂಥವನು! ದಾರದ ಡಬ್ಬದ ರಟ್ಟು ಕತ್ತರಿಸಿ, 'ವಿಂಡೋಸ್ ಸೂತ್ರಗಳು' ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ ಮಹಾನುಭಾವ. ಅದರ ಮೊದಲನೇ ಸೂತ್ರವೇ ಹೀಗಿತ್ತು: 'ಕುರ್ಚಿ ಬಿಟ್ಟು ಏಳುವಾಗ ವಿಂಡೋಸ್ ಗುಂಡಿ, ಎಲ್ ಗುಂಡಿ ಎರಡೂ ಒಟ್ಟಿಗೆ ಒತ್ತಿ. ಆಮೇಲೆ ಪಾಸ್‌ವರ್ಡ್ ಇಲ್ಲದೆ ಯಾರ ಕೈಯೂ ಆಡದು.'

ಅಗಳಿ ಕಡೆಯ ಯುವರಾಜ ರಾಯದುರ್ಗದ ಆ ಜೀನ್ಸ್ ಕಾರ್ಖಾನೆಗೆ ಬಂದದ್ದು ಹೊಲಿಯಲು. ಮೂರು ವರ್ಷ ಹದಿನಾಲ್ಕನೇ ನಂಬರಿನ ಮಿಷನ್ನಿನ ಮುಂದೆ ಕೂತು ಜೇಬು ಹೊಲಿದ. ಬಿಡುವಿನಲ್ಲಿ ಮೊಬೈಲ್ ನೋಡಿಕೊಂಡೇ ಪ್ರೋಗ್ರಾಮ್ ಬರೆಯುವುದನ್ನು ಕಲಿತ. ಕತ್ತರಿಸಿದ ಪ್ಯಾಂಟಿನ ತುಂಡುಗಳು ಅದಲುಬದಲಾಗದಂತೆ ಪ್ರತಿಯೊಂದಕ್ಕೂ ನಂಬರಿನ ಚೀಟಿ ಅಂಟಿಸಬೇಕು. ಅದನ್ನು ಕೈಯಲ್ಲಿ ಬರೆಯುವುದೇ ಅಲ್ಲಿ ದೊಡ್ಡ ರಗಳೆಯಾಗಿತ್ತು. ಯುವರಾಜನ ಪ್ರೋಗ್ರಾಮಿನಲ್ಲಿ ಎಫ್-ಫೈವ್ ಗುಂಡಿ ಒತ್ತಿದರೆ ಸಾಕು, ಸೈಜು, ನಂಬರು ಎರಡೂ ಅಚ್ಚಾದ ಚೀಟಿ ಹೊರಗೆ ಬರುತ್ತಿತ್ತು.

ಅವತ್ತು ಮಧ್ಯಾಹ್ನ ಸಾವ್ಕಾರ ಸಂಜೀವಪ್ಪನವರು ಅದನ್ನು ನೋಡಲು ಬರುವವರಿದ್ದರು. ಮೆಚ್ಚಿದರೆ ಕಂಪ್ಯೂಟರ್ ಕುರ್ಚಿ ಕಾಯಂ, ಇಲ್ಲವಾದರೆ ಮತ್ತೆ ಜೇಬು. ಆ ಕುರ್ಚಿ ತಿರುಗುತ್ತಿತ್ತು, ಅದರ ನೆತ್ತಿಯ ಮೇಲೊಂದು ಫ್ಯಾನೂ ಇತ್ತು. ಇಷ್ಟು ವರ್ಷದಲ್ಲಿ ಯುವರಾಜ ಯಾವುದಕ್ಕೂ ಇಷ್ಟು ಆಸೆಪಟ್ಟಿರಲಿಲ್ಲ.

ಟೀ ಕುಡಿದು ಬರುವಷ್ಟರಲ್ಲಿ ಚಿನ್ನಕ್ಕನ ಶುಕ್ರವಾರದ ಪೂಜೆ ಮುಗಿದಿತ್ತು. ಪ್ಯಾಂಟಿನ ಸೊಂಟದ ಪಟ್ಟಿ, ಅಂದರೆ ಬೆಲ್ಟ್ ಹೊಲಿಯುವ ಚಿನ್ನಕ್ಕ ಕಾರ್ಖಾನೆಗೆಲ್ಲ ಹಿರಿಯಳು. ವಾರವಾರ ಮಿಷನ್ನು ಮಿಷನ್ನಿಗೂ ಕುಂಕುಮ, ಹೂವು, ನಿಂಬೆಹಣ್ಣು ಅವಳೇ ಇಡಬೇಕು. ಕಂಪ್ಯೂಟರಿಗೆ ಇದು ಮೊದಲ ಪೂಜೆ. ಸ್ಕ್ರೀನಿನ ಕಾಲಿಗೆ ಬಿಗಿದು ಕಟ್ಟಿದ್ದ ಮಾರುದ್ದದ ಚೆಂಡುಹೂವಿನ ಹಾರ ಕೀಬೋರ್ಡಿನ ಮೇಲಿನ ಸಾಲನ್ನೆಲ್ಲ ಮುಚ್ಚಿತ್ತು.

"ನಿನ್ನ ಕಂಪ್ಯೂಟ್ರಿಗೂ ಪೂಜಿ ಮಾಡೀನಪಾ. ಸಾವ್ಕಾರ್ರು ಬಂದು ತಗಳೋತನಕ ಹೂವು ಮುಟ್ಟಬ್ಯಾಡ ಮತ್ತ," ಎಂದಳು ಚಿನ್ನಕ್ಕ.

"ಆಗ್ಲಿ ಕಣಕ್ಕ," ಎಂದ ಯುವರಾಜ. ಕಾರ್ಖಾನೆಯ ಕಟ್ಟಳೆ ಅವನಿಗೆ ಗೊತ್ತಿದ್ದದ್ದೇ. ಅಷ್ಟರಲ್ಲಿ ಅವನ ಕಣ್ಣು ಪ್ರಿಂಟರಿನ ಮೇಲೆ ಬಿತ್ತು. ಶಾವಿಗೆ ಒತ್ತಿದ ಹಾಗೆ ಚೀಟಿಯ ಸುರುಳಿ ಬಿಡುವಿಲ್ಲದೆ ಇಳಿಯುತ್ತಿತ್ತು.

ಯುವರಾಜ ಗಾಬರಿಯಾಗಲಿಲ್ಲ. ಸೂತ್ರಗಳಿದ್ದವಲ್ಲ! ಮೌಸಿನಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೋಗ್ರಾಮನ್ನು ನಿಲ್ಲಿಸಿದ. ಪ್ರಿಂಟರು ಸುಮ್ಮನಾಯಿತು. ಒಂದು ನಿಮಿಷ ಕಳೆಯುವ ಮೊದಲೇ ಮತ್ತೆ ಶುರುವಾಯಿತು. ಆಗ ಅವನಿಗೆ ನಾಲ್ಕನೇ ಸೂತ್ರ ನೆನಪಾಯಿತು: ಪ್ರೋಗ್ರಾಮ್ ನಿಂತುಹೋದರೆ ನಿಮಿಷದೊಳಗೆ ತಾನೇ ಏಳುವಂತೆ ಅವನೇ ಏರ್ಪಾಡು ಮಾಡಿದ್ದ. ಕಂಪ್ಯೂಟರನ್ನೇ ಆರಿಸಿ ಹೊತ್ತಿಸಿದ. ಏಳನೇ ಸೂತ್ರದ ಪ್ರಕಾರ ಎಲ್ಲಕ್ಕಿಂತ ಮೊದಲು ಆ ಪ್ರೋಗ್ರಾಮೇ ಎದ್ದು ಕೂತಿತು. ತಾನು ಇಷ್ಟು ಜಾಣನಾಗಬಾರದಿತ್ತು ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

ಚೆಕಿಂಗ್ ಮೇಜಿನಿಂದ ತಿಪ್ಪಯ್ಯ ಎದ್ದು ಬಂದ. ಪ್ಯಾಂಟಿನಲ್ಲಿ ತಪ್ಪು ಹುಡುಕಿ ಹುಡುಕಿ ಅವನಿಗೆ ಎಲ್ಲದರಲ್ಲೂ ತಪ್ಪು ಕಾಣುತ್ತಿತ್ತು. "ಇದು ವೈರಸ್ ನೋಡಪಾ. ನನ್ನ ಅಳಿಯನ ಫೋನಿಗೂ ಬಂದಿತ್ತು. ಎರಡು ದಿನ ಅಕ್ಕಿ ಡಬ್ಬ್ಯಾಗ ಇಟ್ವಿ, ಹೋತು."

"ಕಂಪ್ಯೂಟರ್ ಇಡೋವಷ್ಟು ಅಕ್ಕಿ ಎಲ್ಲಿಂದ ತರ್ಲಣ್ಣ?"

"ವೈರಸ್ಸೂ ಇಲ್ಲ, ಏನೂ ಇಲ್ಲ. ದೃಷ್ಟಿ ಆಗೈತಿ," ಎಂದಳು ಚಿನ್ನಕ್ಕ. "ಇನ್ನೊಂದು ನಿಂಬಿಹಣ್ಣು ಇಡ್ಲೇನು?"

"ಬ್ಯಾಡ ಕಣಕ್ಕ, ನಿನ್ ದಮ್ಮಯ್ಯ!"

ಕೊನೆಗೆ ಪ್ರಿಂಟರಿನ ವೈರನ್ನೇ ಕಿತ್ತ. ಅರ್ಧ ಗಂಟೆ ತಲೆ ಕೆರೆದುಕೊಂಡು ಮತ್ತೆ ಚುಚ್ಚಿದರೆ, ಅಷ್ಟೊತ್ತೂ ಒಳಗೆ ಸಾಲುಗಟ್ಟಿ ಕಾದಿದ್ದ ಚೀಟಿಗಳು ಒಂದರ ಹಿಂದೆ ಒಂದು ಹೊರಟವು. ಸುರುಳಿ ಮೇಜಿನಿಂದಿಳಿದು ಬಾಗಿಲ ಕಡೆ ನಡೆಯಿತು. ಅದನ್ನು ಎತ್ತಿ ಎತ್ತಿ ಕಿಟಕಿಗೂ ಮಿಷನ್ನುಗಳಿಗೂ ಇಳಿಬಿಟ್ಟರು. ಅದೇ ಹೊತ್ತಿಗೆ ಸಾವ್ಕಾರರು ಒಳಗೆ ಬಂದರು.

"ಏನಪಾ ಇದು, ಮದುವಿ ಚಪ್ಪರನಾ?"

ಕುರ್ಚಿ ಕೈಬಿಟ್ಟಿತು ಎಂದುಕೊಂಡ ಯುವರಾಜ. ಸಾವ್ಕಾರರು ಮಾತ್ರ ಯಾವ ಅವಸರವೂ ಇಲ್ಲದೆ ಚಪ್ಪಲಿ ಬಿಟ್ಟು, ಕಂಪ್ಯೂಟರಿಗೆ ಕೈಮುಗಿದು, ಕಣ್ಣಿಗೊತ್ತಿಕೊಳ್ಳಲು ಹಾರವನ್ನು ಎತ್ತಿದರು. ಅದರಡಿಯಿಂದ ದಪ್ಪನೆಯ ನಿಂಬೆಹಣ್ಣೊಂದು ಉರುಳಿ ಅವರ ಕಾಲ ಬಳಿ ಬಿತ್ತು. ಸಾಲಿನಲ್ಲಿ ಉಳಿದಿದ್ದ ನಾಲ್ಕೈದು ಚೀಟಿ ಉಗುಳಿ ಪ್ರಿಂಟರು ನಿಂತಿತು. ಬಿಗಿದ ಹಾರದ ಕೆಳಗೆ ಆ ಹಣ್ಣು ಬೆಳಗಿನಿಂದ ಎಫ್-ಫೈವ್ ಗುಂಡಿಯನ್ನು ಒತ್ತಿ ಹಿಡಿದು ಕೂತಿತ್ತು.

"ಸಾವ್ಕಾರ್ರೇ, ನನ್ ಪ್ರೋಗ್ರಾಮಿಂದು ಏನೂ ತಪ್ಪಿಲ್ಲ! ಬೇಕಾದ್ರೆ ಚೀಟಿ ನೋಡಿ," ಎಂದ ಯುವರಾಜ. ಹೋದ ಜೀವ ಬಂದಂತಾಗಿತ್ತು ಅವನಿಗೆ.

ತಿಪ್ಪಯ್ಯ ಕನ್ನಡಕ ಏರಿಸಿ ಸುರುಳಿಯನ್ನು ತುದಿಯಿಂದ ತುದಿಯವರೆಗೆ ನೋಡಿದ. ಎರಡು ಸಾವಿರಕ್ಕೂ ಮೇಲೆ ಚೀಟಿ. "ಒಂದೂ ತಪ್ಪಿಲ್ರಿ," ಎಂದ, ತುಸು ಬೇಸರದಿಂದಲೇ.

"ಭೇಷ್!" ಸಾವ್ಕಾರರು ಯುವರಾಜನ ಬೆನ್ನು ತಟ್ಟಿದರು. ಅವನು ಹಿಗ್ಗಿ ಕುರ್ಚಿಯ ಮೇಲೆ ಕೈಯಿಟ್ಟ. ಅವರು ಬಗ್ಗಿ ನಿಂಬೆಹಣ್ಣನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಅಲ್ಲಪಾ, ಬೆಳಿಗ್ಗಿಂದ ಇದನ್ನ ನಡಿಸಿದ್ದು ಈ ನಿಂಬಿಹಣ್ಣು. ಒಂದೂ ತಪ್ಪು ಮಾಡಿಲ್ಲ. ಅಂದಮ್ಯಾಲ ಇದಕ್ಕ ನಿನ್ನಂಥ ಹೊಲಿಯೋ ಕೈ ಯಾಕ ಬೇಕು? ಚಿನ್ನಕ್ಕಗ ಹೆಂಗೂ ಮೊಣಕಾಲು ನೋವು, ಆಕಿ ಇಲ್ಲಿ ಕುಂದ್ರಲಿ. ಆಕಿ ಬೆಲ್ಟ್ ಮಿಷನ್ ಖಾಲಿ ಬೀಳ್ತೈತಲ್ಲ, ನೀ ಅಲ್ಲಿಗೆ ನಡಿ."

ಬೆಲ್ಟ್ ಹೊಲಿಯುವುದು ಜೇಬಿಗಿಂತ ಕಷ್ಟ. ಮಧ್ಯಾಹ್ನವೆಲ್ಲ ಯುವರಾಜ ಬೆವರು ಒರೆಸಿಕೊಳ್ಳುತ್ತ ಹೊಲಿದ. ನಾಲ್ಕು ಗಂಟೆಗೆ ಚಿನ್ನಕ್ಕ ಟೀಗೆ ಎದ್ದಳು. ಅವಳು ಬಾಗಿಲು ದಾಟಿದ್ದೇ ತಡ, ಆ ಕುರ್ಚಿಯಲ್ಲಿ ಎರಡು ನಿಮಿಷವಾದರೂ ಕೂರೋಣವೆಂದು ಓಡಿಹೋಗಿ ಕೂತ. ಸ್ಕ್ರೀನು ಪಾಸ್‌ವರ್ಡ್ ಕೇಳಿತು. ತನ್ನದನ್ನು ಹಾಕಿದ. ತೆರೆಯಲಿಲ್ಲ.

ತಿಪ್ಪಯ್ಯ ತನ್ನ ಮೇಜಿನಿಂದಲೇ ಕೂಗಿದ: "ಆಕಿ ಊಟ ಆದಮ್ಯಾಲ ಪಾಸ್‌ವರ್ಡ್ ಬದಲಿ ಮಾಡ್ಯಾಳಪಾ. ನಿನ್ನ ರಟ್ಟಿನಾಗ ಎರಡನೇ ಸೂತ್ರ ಅದೇ ಐತಂತ."