ಅತ್ತೆಯ ಮೂಗಿಗೆ ಡೈರೆಕ್ಟ್ ಬಸ್ಸು

ನಮ್ಮ ಸೋದರತ್ತೆಗೆ ಎರಡು ಕಣ್ಣು, ಎರಡು ಕಿವಿ ಇರುವುದು ಬರೀ ಲೆಕ್ಕಕ್ಕೆ. ಅವರು ಬದುಕಿರುವುದೆಲ್ಲ ಮೂಗಿನಲ್ಲೇ! ಬುರುಡೆ ಬಿಡುತ್ತಿದ್ದೇನೆ ಎನ್ನಿಸಿದರೆ ಚಾಮರಾಜಪೇಟೆಯ ಅವರ ಮನೆಗೆ ಒಮ್ಮೆ ಊಟಕ್ಕೆ ಹೋಗಿ ನೋಡಿ. ಆದರೆ ದಾರಿಯಲ್ಲಿ ಏನನ್ನೂ ತಿನ್ನಬೇಡಿ. ನಾನು ತಿಂದಿದ್ದೆ. ಗೇಟು ತೆಗೆಯುವಷ್ಟರಲ್ಲೇ ಜಗುಲಿಯಿಂದ ಪ್ರಶ್ನೆ ಬಂತು.

"ಮಸಾಲೆ ದೋಸೆ ತಿಂದ್ಬಂದ್ಯೇನೋ?"

"ಇಲ್ಲ ಅತ್ತೆ..."

"ಸುಳ್ಳು ಹೇಳ್ಬೇಡ. ಬೆಣ್ಣೆ ಬೇರೆ ಹಾಕಿಸ್ಕೊಂಡಿದೀಯ. ಬಸ್ಸಲ್ಲಿ ಯಾರದೋ ಸೇವಂತಿಗೆ ಮೂಟೆ ಪಕ್ಕ ನಿಂತ್ಕೊಂಡು ಬಂದಿದೀಯ. ಹೋಗು, ಕೈಕಾಲು ತೊಳ್ಕೊ."

ಅತ್ತೆಯ ಗಂಡ, ಅಂದರೆ ನಮ್ಮ ಮಾವ, ಮದುವೆಯಾದ ಹೊಸತರಲ್ಲೇ ಸಿಗರೇಟು ಬಿಟ್ಟರಂತೆ. ಪ್ರೀತಿಗಾಗಿ ಅಂದುಕೊಂಡಿರಾ? ಪಾಪ, ಬೇರೆ ದಾರಿಯೇ ಇರಲಿಲ್ಲ!

ಇನ್ನು ಅಡುಗೆಮನೆ. ನೈವೇದ್ಯಕ್ಕೆ ಮಾಡಿದ್ದನ್ನು ದೇವರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ. ಹಾಗಾದರೆ ಉಪ್ಪು ಸರಿಯಿದೆಯೆಂದು ತಿಳಿಯುವುದು ಹೇಗೆ? ಅತ್ತೆ ಕುದಿಯುವ ಹುಳಿಯ ಆವಿಗೆ ಮೂಗೊಡ್ಡಿ, "ಇನ್ನೊಂಚೂರು ಬೇಕು" ಎನ್ನುತ್ತಿದ್ದರು.

"ಉಪ್ಪಿಗೆ ವಾಸನೆ ಎಲ್ಲಿರುತ್ತೆ ಅತ್ತೆ?" ಎಂದು ವಿಜ್ಞಾನ ಓದಿದ ನಾನು ಕೇಳಿದ್ದೆ.

"ಉಪ್ಪಿಗಿಲ್ಲ ಕಣೋ. ಉಪ್ಪು ಬಿದ್ದ ಹುಳಿಗಿದೆ."

ಆ ಹುಳಿಯನ್ನು ಮೂರು ಸಲ ಹಾಕಿಸಿಕೊಂಡ ಮೇಲೆ ವಾದ ಮಾಡುವುದು ಹೇಗೆ?

ಹೋದ ವರ್ಷ ಅತ್ತೆಗೆ ಕೆಟ್ಟ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅತ್ತೆ ಯಾರಿಗೂ ಹೇಳಲಿಲ್ಲ. ಗೌರಿ ಹಬ್ಬದ ಹುಳಿಯಲ್ಲಿ ಉಪ್ಪೇ ಇಲ್ಲದಾಗ ನಾವು ಮುಖ ಮುಖ ನೋಡಿಕೊಂಡೆವು. ಮಾರನೆಯ ದಿನ ಹಾಲು ಸೀದು ಮನೆಯೆಲ್ಲ ವಾಸನೆ ತುಂಬಿದಾಗ ಅತ್ತೆ ಒಲೆಗೆ ಬೆನ್ನು ಹಾಕಿ ನೆಮ್ಮದಿಯಾಗಿ ಕಾಯಿ ತುರಿಯುತ್ತಿದ್ದರು.

ಬಸವನಗುಡಿಯ ಡಾಕ್ಟರೊಬ್ಬರಲ್ಲಿಗೆ ಕರೆದುಕೊಂಡು ಹೋದೆವು. ಅವರು ಪ್ಲಾಸ್ಟಿಕ್ ತಲೆಯೊಂದನ್ನು ಬಿಡಿಸಿ ತೋರಿಸಿದರು. ಮೂಗಿನ ತೀರಾ ಮೇಲೆ ಅಂಚೆಚೀಟಿಯಷ್ಟು ಜಾಗ, ವಾಸನೆ ಹಿಡಿಯುವ ನರಕೋಶಗಳೆಲ್ಲ ಅಲ್ಲೇ. ಅವುಗಳ ಎಳೆಗಳು ಜರಡಿಯಂತೆ ತೂತು ತೂತಾದ ಮೂಳೆಯೊಳಗಿಂದ ಮೇಲೆ ತೂರಿ, ಮೆದುಳಿನ ತಳದಲ್ಲಿರುವ ಪುಟ್ಟ ಬಲ್ಬಿನಂಥ ಭಾಗವನ್ನು ಸೇರುತ್ತವಂತೆ. ಕಂಡದ್ದು, ಕೇಳಿದ್ದು ಎಲ್ಲ ಮೆದುಳಿನ ನಡುವಿನ ಒಂದು ನಿಲ್ದಾಣವನ್ನು ಹಾದೇ ಮುಂದೆ ಹೋಗಬೇಕು. ವಾಸನೆ ಮಾತ್ರ ಅಲ್ಲಿ ನಿಲ್ಲದೆ ನೆನಪು, ಪ್ರೀತಿ, ಭಯ ಇರುವ ಕಡೆಗೆ ಹೋಗಿಬಿಡುತ್ತದಂತೆ.

"ಅಂದ್ರೆ ಡಾಕ್ಟ್ರೇ, ಮಿಕ್ಕಿದ್ದೆಲ್ಲ ಮೆಜೆಸ್ಟಿಕ್‌ನಲ್ಲಿಳಿದು ಬಸ್ ಬದಲಾಯಿಸ್ಬೇಕು. ಮೂಗಿಗೆ ಮಾತ್ರ ಡೈರೆಕ್ಟ್ ಬಸ್ಸು!" ಎಂದರು ಅತ್ತೆ.

ಡಾಕ್ಟರು ಜೋರಾಗಿ ನಕ್ಕರು. "ಸರಿಯಾಗಿ ಹೇಳಿದ್ರಿ. ಈ ನರಕೋಶಗಳು ಮತ್ತೆ ಹುಟ್ಟುತ್ವೆ ಅಮ್ಮ, ಆದ್ರೆ ನಿಧಾನ. ದಿನಾ ಬೆಳಗ್ಗೆ ಸಂಜೆ ಲವಂಗ, ನಿಂಬೆಹಣ್ಣು, ನೀಲಗಿರಿ ಎಣ್ಣೆ, ಗುಲಾಬಿ ಮೂಸಿ. ವಾಸನೆ ಬರ್ದಿದ್ರೂ ಜ್ಞಾಪಿಸ್ಕೊಂಡು ಮೂಸಿ."

"ಗುಲಾಬಿನಾ?" ಅತ್ತೆ ಬೆಚ್ಚಿಬಿದ್ದರು. ಮೂಸಿದ ಹೂವು ದೇವರಿಗಾಗುತ್ತದೆಯೇ? ಹೂವಿನ ಬುಟ್ಟಿಯ ಹತ್ತಿರ ಮೂಗು ತಂದ ಮಕ್ಕಳ ಕಿವಿ ಹಿಂಡಿದವರು ಅವರು! ಕೊನೆಗೆ ಗಾಂಧಿಬಜಾರಿನಲ್ಲಿ ಎರಡೆರಡು ಪೊಟ್ಟಣ ಕಟ್ಟಿಸತೊಡಗಿದರು. "ಇದು ದೇವ್ರಿಗೆ, ಇದು ಡಾಕ್ಟ್ರಿಗೆ."

"ಯಾವ ಡಾಕ್ಟ್ರಿಗಮ್ಮಾ, ಯಾವಾಗ್ಲೂ ಗುಲಾಬಿ?" ಎಂದಳು ಹೂವಿನವಳು. ಪಕ್ಕದಲ್ಲಿ ಮಾವ ಕೆಮ್ಮಿದರು.

ತಿಂಗಳುಗಳು ಕಳೆದರೂ ಲವಂಗ ಬಾಯಿ ಬಿಡಲಿಲ್ಲ. ಅಡುಗೆಯನ್ನು ಸೊಸೆಗೆ ಬಿಟ್ಟ ಅತ್ತೆ ಒಂದು ಸಂಜೆ ನನ್ನೊಡನೆ ಮೆಲ್ಲಗೆ ಅಂದರು. "ಉಪ್ಪು ಹುಳಿ ಹಾಳಾಗ್ಲಿ ಬಿಡೋ. ಮನೆ ಮನೆ ಥರಾನೇ ಇಲ್ಲ. ನಿಮ್ಮಾವ ಪಕ್ಕದಲ್ಲೇ ಕೂತಿರ್ತಾರೆ, ಟೀವಿಲಿ ನೋಡ್ದಂಗಿರುತ್ತೆ. ಇದು ಹೀಗೇ ಉಳಿದ್ಬಿಟ್ರೆ?"

ನಾನು ಲವಂಗದ ಡಬ್ಬಿ ತಂದು ಅವರ ಕೈಗಿಟ್ಟೆ.

ಮೊನ್ನೆ ಭಾನುವಾರ ಬೆಳಗ್ಗೆ ನಾನು ಅಲ್ಲೇ ಇದ್ದೆ. ಕಸದ ಆಟೋ ಬಂತು. ಬಕೆಟ್ ಹಿಡಿದು ಹೋದ ಅತ್ತೆ ಆಟೋ ಪಕ್ಕದಲ್ಲಿ ಕಲ್ಲಿನಂತೆ ನಿಂತುಬಿಟ್ಟರು.

"ಏನಾಯ್ತತ್ತೆ?"

"ನಾರ್ತಿದೆ ಕಣೋ! ಗಬ್ಬು ನಾರ್ತಿದೆ!"

ಆಟೋದವನಿಗೆ ಸಿಟ್ಟು ಬಂತು. "ಕಸ ಅಂದ್ಮೇಲೆ ನಾರ್ದೆ ಇರುತ್ತೇನಮ್ಮಾ?"

"ನಾರ್ಲಿ ಕಣಪ್ಪ, ಚೆನ್ನಾಗಿ ನಾರ್ಲಿ!" ಅತ್ತೆಯ ಕಣ್ಣಲ್ಲಿ ನೀರು.

ಈಗ ಅಡುಗೆಮನೆಗೆ ಓಡುತ್ತಾರೆ ಅಂದುಕೊಂಡೆ. ಇಲ್ಲ. ಬಕೆಟ್ ಬೀದಿಯಲ್ಲೇ ಬಿಟ್ಟು ನೇರ ಜಗುಲಿಗೆ ನಡೆದರು. ಪೇಪರ್ ಓದುತ್ತಿದ್ದ ಮಾವನ ಕೈಯಿಂದ ಪೇಪರ್ ಕಿತ್ತು ಪಕ್ಕಕ್ಕಿಟ್ಟು, ಬೀದಿಯವರೆಲ್ಲ ನೋಡುತ್ತಿರುವಂತೆಯೇ ಅವರ ಕತ್ತಿನ ಬಳಿ ಮುಖ ಹುದುಗಿಸಿ ಉಸಿರೆಳೆದುಕೊಂಡರು.

"ಏನೇ ಇದು, ಎಲ್ರೂ ನೋಡ್ತಿದಾರೆ!" ಮಾವ ಗಾಬರಿಯಾದರು.

"ಸುಮ್ನಿರ್ರೀ," ಎಂದರು ಅತ್ತೆ, ತಲೆ ಎತ್ತದೆ. "ಎಷ್ಟು ದಿನ ಆಗಿತ್ತು ನಿಮ್ಮನ್ನ ನೋಡಿ."