ತೆಂಗಿನ ಮರದ ಕ್ಷೌರ

ಭಾನುವಾರ ಬೆಳಿಗ್ಗೆ ರವಿಕಿರಣನ ಅಂಗಳದ ತೆಂಗಿನ ಮರ ಒಂದು ಒಣಗರಿ ಉದುರಿಸಿತು. ತನ್ನ ಅಂಗಳದಲ್ಲೇ ಉದುರಿಸಿದ್ದರೆ ಕತೆಯೇ ಇರುತ್ತಿರಲಿಲ್ಲ. ಗರಿ ಗೋಡೆಯಾಚೆ ಹಾರಿ, ವಿಷ್ಣುತೀರ್ಥರು ಆಗಷ್ಟೇ ಒರೆಸಿ ನಿಲ್ಲಿಸಿದ್ದ ಕಾರಿನ ಮೇಲೆ ಹೋಗಿ ಮಲಗಿತು.

ಮಂಡ್ಯದ ರವಿಕಿರಣ ಮದ್ರಾಸಿನ ಪೋರೂರಿನ ಈ ಮನೆಗೆ ಬಾಡಿಗೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಲ್ಲಿಯಲ್ಲಿ ಸಿಹಿನೀರು, ಪಕ್ಕದ ಬೀದಿಯಲ್ಲೇ ಮಗಳ ಶಾಲೆ. ಬ್ರೋಕರುಗಳ ಹಿಂದೆ ಅಲೆದಲೆದು ಚಪ್ಪಲಿ ಸವೆದ ಮೇಲೆ ಸಿಕ್ಕಿದ ಮನೆ. "ಅಕ್ಕಪಕ್ಕದವ್ರ ಜೊತೆ ಜಗಳ ಮಾತ್ರ ಬ್ಯಾಡ ಕಣ್ರೀ," ಎಂದು ಹೆಂಡತಿ ಪಾವನಾ ಬಂದ ದಿನವೇ ಎಚ್ಚರಿಸಿದ್ದಳು.

ಎಡಗಡೆ ವಿಷ್ಣುತೀರ್ಥರು, ಬಲಗಡೆ ಜಯಲಕ್ಷ್ಮಮ್ಮ. ಇಬ್ಬರೂ ತಲೆಮಾರುಗಳಿಂದ ಮದ್ರಾಸಿನಲ್ಲಿ ನೆಲೆಸಿದ ಕನ್ನಡದವರು. ತಮಿಳಿನ ಒಗ್ಗರಣೆಯಿಲ್ಲದೆ ಅವರ ಕನ್ನಡ ಗಂಟಲಿನಿಂದ ಏಳುತ್ತಿರಲಿಲ್ಲ.

"ಏನಪ್ಪಾ, ಈ ಮರಕ್ಕೆ ಮುಡಿ ವೆಟ್ಟಿಸೋದೇ ಇಲ್ಲವಾ? ಉಡನೇ ಆಳು ಕರೆಸಿ ಕ್ಷೌರ ಮಾಡಿಸು!" ವಿಷ್ಣುತೀರ್ಥರು ಗೋಡೆಯ ಮೇಲಿಂದ ಗುಡುಗಿದರು.

"ಕ್ಷೌರ ಯಾಕೆ ಸಾರ್, ಓನರ್ನ ಕೇಳಿ ಮರಾನೇ ತೆಗೆಸ್ಬುಡ್ತೀನಿ," ಎಂದ ರವಿಕಿರಣ ವಿನಯದಿಂದ.

ಬಲಗಡೆಯ ಗೋಡೆಯ ಮೇಲೆ ಜಯಲಕ್ಷ್ಮಮ್ಮನ ತಲೆ ಮೂಡಿತು. "ಅಯ್ಯಯ್ಯೋ! ಕಾಯಿ ಬಿಟ್ಟಿರೋ ಮರಾನ ಕಡೀತಾರಾ? ಬಸುರಿ ಹೆಂಗಸಿನ ಹಾಗಲ್ಲವಾ ಅದು, ಪಾವಂ!" ಆ ಬಸುರಿ ತಮ್ಮ ಹಿತ್ತಿಲಿಗೆ ಉದುರಿಸುತ್ತಿದ್ದ ಕಾಯಿಗಳಿಂದಾಗಿ ಅವರು ಅಂಗಡಿಯಲ್ಲಿ ತೆಂಗಿನಕಾಯಿ ಕೊಂಡಿದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ವಿಷ್ಣುತೀರ್ಥರೂ ತಕ್ಷಣ ಪರಿಸರವಾದಿಯಾದರು. "ಮರ ಕಡಿದರೆ ಅಸೋಸಿಯೇಷನ್ ಸುಮ್ಮಾ ಇರೋದಿಲ್ಲ. ನಾನೇ ಸೆಕ್ರೆಟರಿ, ತೆರಿಯುಮಾ? ಕ್ಷೌರ ಮಾತ್ರ!"

ಮರ ಹತ್ತುವವನು ಬಂದ. ಒಣಗರಿ ತೆಗೆದರೆ ಸಾಕೆಂದು ರವಿಕಿರಣ ಹೇಳಿದ್ದು ಅವನ ಕಿವಿ ತಲುಪುವ ಮೊದಲೇ ಕೆಳಗಿನಿಂದ ಆಜ್ಞೆಗಳು ಹಾರಿದವು. "ಇಂದ ಪಕ್ಕಂ ಪೂರಾ ವೆಟ್ಟು!" ಎಂದು ವಿಷ್ಣುತೀರ್ಥರು ತಮ್ಮ ಕಡೆಯ ಗರಿಗಳನ್ನೆಲ್ಲ ಕಡಿಯಹೇಳಿದರು. ತಮ್ಮ ಕಡೆ ಒಂದು ಗರಿಯನ್ನೂ ಮುಟ್ಟಕೂಡದು, ನೆರಳು ಹೋಗುತ್ತದೆ ಎಂದು ಜಯಲಕ್ಷ್ಮಮ್ಮ ಕಿರುಚಿದರು. ಅವನು ಇಬ್ಬರ ಮಾತನ್ನೂ ನಡೆಸಿದ. ಅರ್ಧ ಬೋಳಿಸುವಾಗ ಕ್ಷೌರಿಕ ಊಟಕ್ಕೆ ಎದ್ದುಹೋದ ತಲೆಯ ಹಾಗೆ ಮರ ನಿಂತಿತು.

ಕೊನೆಯ ಗರಿ ಬೀದಿಯ ಕೇಬಲ್ಲನ್ನು ತಬ್ಬಿಕೊಂಡೇ ಕೆಳಗಿಳಿಯಿತು. ಮನೆಮನೆಯ ಟಿವಿಯಲ್ಲಿ ಕ್ರಿಕೆಟ್ ನಿಂತುಹೋಯಿತು. ನೀರು ಹೊಯ್ದ ಗೂಡಿನಿಂದ ಇರುವೆಗಳು ಹೊರಟಂತೆ ಜನ ಹೊರಬಂದರು. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದಂತೆಯೇ ಒಂದು ಗೊನೆ ಕಳಚಿ ಜಯಲಕ್ಷ್ಮಮ್ಮನ ತಾರಸಿಯ ನೀರಿನ ಟ್ಯಾಂಕಿನ ಮೇಲೆ ಬಿತ್ತು. ಒಣಹಾಕಿದ್ದ ಹಪ್ಪಳಗಳನ್ನು ಹೊತ್ತುಕೊಂಡು, ಪೋರೂರು ಕೆರೆಯೇ ಮಹಡಿ ಹತ್ತಿ ಇಳಿದಂತೆ ನೀರು ಧುಮುಕಿತು.

"ಇದು ಮರವಾ, ರಾಕ್ಷಸಿ!" ತೊಯ್ದ ಸೀರೆಯಲ್ಲೇ ಜಯಲಕ್ಷ್ಮಮ್ಮ ಅಬ್ಬರಿಸಿದರು. "ಇವತ್ತೇ ಬುಡಸಹಿತ ತೆಗೆಸು!"

ವಿಷ್ಣುತೀರ್ಥರು ನಡುಬೀದಿಯಲ್ಲೇ ಅಸೋಸಿಯೇಷನ್ ಸಭೆ ಕರೆದರು. ಕ್ರಿಕೆಟ್ ಕಳೆದುಕೊಂಡ ಕೈಗಳೆಲ್ಲ ಮೇಲೆದ್ದವು. ಮರಕ್ಕೆ ಸರ್ವಾನುಮತದಿಂದ ಮರಣದಂಡನೆಯಾಯಿತು.

ರವಿಕಿರಣ ಟಿ. ನಗರದಲ್ಲಿದ್ದ ಓನರ್ ಸುಶಮೀಂದ್ರರಿಗೆ ಹೆದರುತ್ತಲೇ ಫೋನ್ ಮಾಡಿದ.

"ಏನಂದೆ? ಮರ ತೆಗೀಬೇಕು ಅಂತ ಬೀದಿಯವರೇ ಹೇಳಿದಾರಾ? ವಿಷ್ಣುತೀರ್ಥನೂ? ಜಯಲಕ್ಷ್ಮಿಯೂ?" ಸುಶಮೀಂದ್ರರ ದನಿ ನಡುಗಿತು. ಅಪ್ಪನೋ ಅಜ್ಜನೋ ನೆಟ್ಟ ಮರವಿರಬೇಕು ಎಂದುಕೊಂಡ ರವಿಕಿರಣ.

"ನಿಮ್ಗೆ ಬೇಜಾರಾದ್ರೆ ಬ್ಯಾಡ ಬುಡಿ ಸಾರ್."

"ಇಲ್ಲೆ ಇಲ್ಲೆ, ಬೇಜಾರೇನೂ ಇಲ್ಲ! ಊರೇ ಕೇಳುವಾಗ ನಾನು ಅಡ್ಡ ಬರೋದಾ? ಉಡನೇ ತೆಗೆಸು!"

ತುದಿಯಿಂದ ತುಂಡು ತುಂಡಾಗಿ ಮರ ಇಳಿಯಿತು. ಸಂಜೆಗೆ ಅಂಗಳದ ಮೇಲೆ ಬರೀ ಆಕಾಶ. ವಿಷ್ಣುತೀರ್ಥರು ಬೆನ್ನು ತಟ್ಟಿದರು. ಜಯಲಕ್ಷ್ಮಮ್ಮ ಒಂದು ಲೋಟ ಕಾಫಿ ಕಳಿಸಿದರು. ಅಂತೂ ಜಗಳವಿಲ್ಲದೆ ಮುಗಿಯಿತೆಂದು ಪಾವನಾ ನಿಟ್ಟುಸಿರು ಬಿಡುವಷ್ಟರಲ್ಲಿ ಗೇಟಿನ ಮುಂದೆ ಸುಶಮೀಂದ್ರರ ಕಾರು ನಿಂತಿತು. ಅವರ ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಹಿಂದೆ ಟೇಪು ಹಿಡಿದ ಒಬ್ಬ ಎಂಜಿನಿಯರ್. ಅವನು ಯಾರನ್ನೂ ಮಾತಾಡಿಸದೆ ಅಂಗಳ ಅಳೆಯತೊಡಗಿದ.

ಸುಶಮೀಂದ್ರರು ಕೈಯಾರೆ ರವಿಕಿರಣನ ಬಾಯಿಗೆ ಸಿಹಿ ತುರುಕಿದರು. "ಇಲ್ಲಿ ಫ್ಲ್ಯಾಟ್ ಕಟ್ಟಬೇಕು ಅಂತ ಎಷ್ಟು ವರ್ಷದಿಂದ ಒದ್ದಾಡ್ತಿದ್ದೆ, ಗೊತ್ತಾ? ಮರ ಮುಟ್ಟಿದರೆ ಸಾಕು, ಬೀದಿಯೆಲ್ಲಾ ಬಂದು ಅದನ್ನ ತಬ್ಬಿಕೊಂಡು ನಿಲ್ಲೋದು. ನೀನು ಒಂದೇ ದಿನದಲ್ಲಿ ಅವರ ಬಾಯಲ್ಲೇ ಕಡಿ ಅನ್ನಿಸಿಬಿಟ್ಟೆಯಲ್ಲಪ್ಪಾ! ಬರೋ ತಿಂಗಳು ಮನೆ ಖಾಲಿ ಮಾಡಿಕೊಡು, ಸೆರಿಯಾ?"

ಬಾಗಿಲಲ್ಲಿದ್ದ ಪಾವನಾಳ ನೋಟವನ್ನು ಎದುರಿಸುವುದಕ್ಕಿಂತ ಆ ಗೊನೆಯ ಕೆಳಗೆ ತಾನೇ ನಿಂತಿದ್ದರೆ ಚೆನ್ನಿತ್ತೆಂದು ರವಿಕಿರಣನಿಗೆ ಅನ್ನಿಸಿತು.

"ಹೆದರಬೇಡ, ನಿನ್ನನ್ನ ಬೀದಿಯಲ್ಲಿ ಬಿಡ್ತೀನಾ?" ಸುಶಮೀಂದ್ರರು ಅವನ ಹೆಗಲ ಮೇಲೆ ಕೈಹಾಕಿದರು. "ನನ್ನ ಭಾವಮೈದುನನ ಮನೆ ಖಾಲಿ ಇದೆ. ಅಂಗಳದಲ್ಲಿ ಎರಡು ತೆಂಗಿನ ಮರ, ಅಲ್ಲಿ ಬೀದಿಯವರು ಇವರಿಗಿಂತ ಮೋಸಂ, ಒಂದು ಗರಿ ಮುಟ್ಟೋಕೂ ಬಿಡೋದಿಲ್ಲ. ನಿನ್ನ ವಿಷಯ ಹೇಳಿದೆ. ಅಡ್ವಾನ್ಸೂ ವೇಂಡಾಂ, ಏನೂ ಬೇಡ, ಆ ಮನುಷ್ಯನನ್ನ ನಾಳೆಯೇ ಕಳಿಸು ಅಂದ!"